ದೇವೀರಮ್ಮನ ಬೋರೆಯ ಸದ್ದಿಲ್ಲದ ಗಿಲಕಿ

ಸಸ್ಯಶಾಸ್ತ್ರ ಓದಿ ಗಿಡ ಹುಡುಕುವ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹೊಸ ಜಾತಿಯ ಗಿಡ ಸಿಕ್ಕಿದ ಕ್ಷಣ ಹೇಗನ್ನಿಸುತ್ತೆ ಸಾರ್?"

ಏನೂ ಅನ್ನಿಸುವುದಿಲ್ಲ. ಸಿಕ್ಕಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಕಾಲಿಗೆ ಮುಳ್ಳು ಚುಚ್ಚಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಊರಿಗೆ ಹೋಗುವ ಕೊನೆಯ ಬಸ್ಸಿನ ಚಿಂತೆ ಹತ್ತಿರುತ್ತದೆ. ಗಿಡ ಕಿತ್ತು ತಗಡಿನ ಡಬ್ಬಿಗೆ ತುರುಕುತ್ತೀರಿ. ಅದು ಹೊಸದಿರಬಹುದು ಅನ್ನುವ ಅನುಮಾನ ಹುಟ್ಟುವುದು ವಾರಗಳು ಕಳೆದ ಮೇಲೆ. ಅನುಮಾನ ತೀರುವುದಕ್ಕೆ ಇನ್ನೂ ಎಷ್ಟೋ ತಿಂಗಳು ಬೇಕು. ನನ್ನ ಕೈಗೆ ಸಿಕ್ಕಿದ ಮೊದಲ ಹೊಸ ಗಿಡದ ಮೇಲಂತೂ ನಮ್ಮ ಮೇಲಧಿಕಾರಿಗಳು ಪಟ್ಟಾಗಿ ಕೂತು ಊಟ ಮಾಡಿದ್ದರು. ಆ ಕಥೆಯನ್ನೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತರ ದಶಕದ ಕೊನೆಯಲ್ಲಿ. ನಮ್ಮೂರು ಹೊಳೆನರಸೀಪುರ. ಅಪ್ಪನಿಗೆ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಬಿ.ಎಸ್ಸಿ. ಮುಗಿಸಿ ಬಂದವನು ಕೆಲಸ ಸಿಕ್ಕಿತು ಎಂದೆ. "ಏನು ಕೆಲಸ?" ಎಂದರು. "ಗಿಡ ಹುಡುಕೋದು" ಎಂದೆ. ಅಪ್ಪ ತಕ್ಕಡಿಯಿಂದ ತಲೆ ಎತ್ತದೆ, "ಯಾರು ಕಳ್ಕೊಂಡವ್ರೆ?" ಎಂದು ಕೇಳಿದರು.

ಅಪ್ಪನಿಗೂ ನನಗೂ ಮುಂದೆ ಜಗಳವಾಗುತ್ತಿದ್ದುದು ಒಂದೇ ವಿಷಯಕ್ಕೆ, ಹಳೆಯ ಪತ್ರಿಕೆಗಳಿಗೆ. ಕಿತ್ತ ಗಿಡವನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಎರಡು ಹಲಗೆಗಳ ಮಧ್ಯೆ ಹಗ್ಗದಲ್ಲಿ ಬಿಗಿದು, ಪ್ರತಿದಿನ ಹಾಳೆ ಬದಲಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಒಂದು ದಿನ ಸೋಮಾರಿತನ ಮಾಡಿದರೆ ಗಿಡಕ್ಕೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಯುದ್ಧ ಶುರುವಾದ ಮೇಲೆ ಕಾಗದಕ್ಕೆ ಬರ ಬಂತು. ರಜೆಗೆಂದು ಊರಿಗೆ ಬಂದಾಗಲೆಲ್ಲ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟಿಗೇ ನಾನು ಕೈ ಹಾಕುತ್ತಿದ್ದೆ. "ನಿನ್ನ ಹುಲ್ಲಿಗೆ ಪೇಪರ್ ಕೊಟ್ಬುಟ್ರೆ ನಾನು ಕಡ್ಲೆ ಯಾತ್ರಲ್ಲಿ ಕಟ್ಲಿ?" ಎಂದು ಅಪ್ಪ ಅಡ್ಡ ಬರುತ್ತಿದ್ದರು. ಆದರೂ ಹೊರಡುವ ದಿನ ಒಂದು ಕಟ್ಟು ನನ್ನ ಚೀಲದ ಪಕ್ಕದಲ್ಲಿರುತ್ತಿತ್ತು.

ನನ್ನ ಮೇಲಧಿಕಾರಿ ಡಾಕ್ಟರ್ ರಂಗಸ್ವಾಮಾಚಾರ್ಯರು. ಇಲಾಖೆಯಲ್ಲಿ ಎಲ್ಲರೂ ಅವರನ್ನು ಆಚಾರ್ಯರು ಎಂದೇ ಕರೆಯುತ್ತಿದ್ದೆವು. ಎತ್ತರದ ಆಳು, ಕಚ್ಚೆ ಪಂಚೆ, ಮುಚ್ಚು ಕೋಟು, ಕಾಲಿಗೆ ಮಾತ್ರ ಪೊಲೀಸಿನವರ ಬೂಟು. ಹೊರಗೆ ಹಾಲು ಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಪುಳಿಯೋಗರೆಯ ಡಬ್ಬಿ ಗಿಡದ ಡಬ್ಬಿಯ ಜೊತೆಯಲ್ಲೇ ಬರುತ್ತಿತ್ತು. ಹಾಸನದಲ್ಲಿ ನಮಗೊಂದು ಬಾಡಿಗೆ ಕೋಣೆ ಇತ್ತು. ಅದನ್ನು ಕಚೇರಿ ಎನ್ನುವುದು ಸ್ವಲ್ಪ ದೊಡ್ಡ ಮಾತಾದೀತು. ಅಲ್ಲಿಂದ ಸುತ್ತಿನ ತಾಲ್ಲೂಕುಗಳಿಗೆ ನಾವಿಬ್ಬರೂ ಸುತ್ತಾಡಲು ಹೋಗುತ್ತಿದ್ದೆವು.

ಪೆಟ್ರೋಲು ಸಿಗದ ಕಾಲ. ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಒಲೆ ಕಟ್ಟಿರುತ್ತಿದ್ದರು. ಅದರ ಹೊಗೆಯಿಂದಲೇ ಬಸ್ಸು ಓಡಬೇಕು. ಚನ್ನರಾಯಪಟ್ಟಣ ದಾಟಿ ಹಿರೀಸಾವೆ ಹತ್ತಿರ ಬರುವಷ್ಟರಲ್ಲಿ ಬಸ್ಸು ಸುಸ್ತಾಗಿ ನಿಲ್ಲುತ್ತಿತ್ತು. ಕ್ಲೀನರು ಒಲೆಗೆ ಗಾಳಿ ಹಾಕಲು ಶುರುಮಾಡಿದರೆ ಉಳಿದ ಪ್ರಯಾಣಿಕರು ಶಪಿಸುತ್ತಿದ್ದರು. ಆಚಾರ್ಯರು ಮಾತ್ರ ಸಂತೋಷದಿಂದ ಇಳಿದು ರಸ್ತೆ ಪಕ್ಕದ ಚರಂಡಿಗೆ ಹೋಗುತ್ತಿದ್ದರು.

ಒಮ್ಮೆ ಹಾಗೆ ಬಗ್ಗಿ ನೋಡುತ್ತಿದ್ದಾಗ ಎದುರಿನ ಹೋಟೆಲಿನ ಮಾಲೀಕ ಓಡಿಬಂದ. "ಸಾ, ತಾವು ಅಬಕಾರಿ ಇಲಾಖೆಯವ್ರಾ?" ಎಂದು ಕೈ ಮುಗಿದ. ನಾವು ಗಾಂಜಾ ಗಿಡ ಹುಡುಕುತ್ತಿದ್ದೇವೆ ಎಂದುಕೊಂಡಿದ್ದ. ನಾನು ಅಲ್ಲ ಎನ್ನುವಷ್ಟರಲ್ಲಿ ಅವನೇ, "ನಮ್ಮ ಹಿತ್ಲಲ್ಲಿ ಏನೂ ಇಲ್ಲ ಸಾ, ದೇವ್ರಾಣೆಗೂ" ಎಂದುಬಿಟ್ಟ.

ಆಚಾರ್ಯರ ಕಿವಿ ನೆಟ್ಟಗಾಯಿತು. ನನ್ನ ಕಡೆ ತಿರುಗಿ, "ಕೇಳದೆ ಇದ್ದಾಗಲೇ ಇಲ್ಲ ಅಂತಾನೆ ಅಂದಮೇಲೆ ಏನೋ ಇದೆ ಕಣಯ್ಯಾ ಬಸಪ್ಪ. ನಡಿ, ನೋಡೋಣ" ಎಂದು ಹಿತ್ತಲಿಗೆ ನಡೆದರು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ಜೇಕಿನ ಹುಲ್ಲು ಇತ್ತು; ಆ ಸೀಮೆಯಲ್ಲಿ ನಾವು ಅಲ್ಲಿಯವರೆಗೆ ಕಂಡಿರದ ಜೇಕು. ಆಚಾರ್ಯರು ಪಂಚೆ ಎತ್ತಿ ಕಟ್ಟಿ ಬಚ್ಚಲ ಕೆಸರಿಗೇ ಇಳಿದರು. ಮಾಲೀಕನಿಗೆ ಹೋದ ಜೀವ ಬಂದಂತಾಯಿತು. ಅವನ ಹಿತ್ತಲಲ್ಲಿ ಬೇರೆ ಗಿಡವೂ ಇತ್ತೋ ಏನೋ, ನಾವು ಆ ಕಡೆ ತಿರುಗಿ ನೋಡಲಿಲ್ಲ.

ಇಷ್ಟು ಧೈರ್ಯಸ್ಥರಾದ ಆಚಾರ್ಯರಿಗೆ 'ಹೊಸದು' ಎನ್ನುವ ಮಾತು ಕೇಳಿದರೆ ಮಾತ್ರ ಮುಖ ಬಾಡುತ್ತಿತ್ತು. ಕಾರಣ ಇಲಾಖೆಗೆಲ್ಲ ಗೊತ್ತಿತ್ತು. ಅವರು ಪ್ರಾಯದಲ್ಲಿದ್ದಾಗ ಚನ್ನರಾಯಪಟ್ಟಣದ ಕಡೆಯ ಒಂದು ಬಂಡೆಯ ಮೇಲೆ, ದಿಂಬಿನ ಹಾಗೆ ಒತ್ತಾಗಿ ಬೆಳೆದ, ಸಾಸಿವೆಯಷ್ಟು ಸಣ್ಣ ಎಲೆಯ ಪೊದೆ ಸಿಕ್ಕಿತ್ತು. ಹೊಸ ಜಾತಿ ಎಂದು ಹೆಸರಿಟ್ಟು, ಉದ್ದನೆಯ ವರ್ಣನೆ ಬರೆದು, ವಿಲಾಯಿತಿಯ ದೊಡ್ಡ ಪಂಡಿತರೊಬ್ಬರಿಗೆ ಕಳಿಸಿದರು. ಆ ಕಾಲದಲ್ಲಿ ನಮ್ಮ ಗಿಡ ಯಾವುದೆಂದು ಅಲ್ಲಿಯವರೇ ತೀರ್ಮಾನಿಸಬೇಕಿತ್ತು. ಬಹಳ ದಿನದ ಮೇಲೆ ಉತ್ತರ ಬಂತು. ಇದು ಎಲ್ಲ ಕಡೆ ಇರುವ ಕಾರೆ ಗಿಡ, ಮೇಲಿಂದ ಮೇಲೆ ಆಡು ಮೇದು ಹೀಗಾಗಿದೆ, ನಿಮ್ಮ ಕಡೆ ಆಡುಗಳು ಜಾಸ್ತಿಯೇ ಎಂದು ಆ ಪಂಡಿತರು ವಿನಯದಿಂದ ವಿಚಾರಿಸಿದ್ದರು. ಅಂದಿನಿಂದ ಬೆನ್ನ ಹಿಂದೆ ಅವರಿಗೆ 'ಆಡು ಡಾಕ್ಟರು' ಎಂಬ ಹೆಸರು ನಿಂತುಹೋಯಿತು. ಅವರಿಗೂ ಅದು ಗೊತ್ತಿತ್ತು. ಅದಾದ ಮೇಲೆ ಅವರು ಯಾವ ಗಿಡಕ್ಕೂ ಹೆಸರಿಡಲು ಹೋಗಿರಲಿಲ್ಲ.

ಯುದ್ಧದ ನಡುವಿನ ಒಂದು ವರ್ಷ, ಹಿಂಗಾರು ಮುಗಿಯುತ್ತಾ ಬಂದಾಗ ಅರಕಲಗೂಡಿನ ಕಡೆ ಹೋಗಿದ್ದೆವು. ಒಂದು ಹಳ್ಳಿಯಾಚೆ ಕಲ್ಲುಕಲ್ಲಾದ ದಿಬ್ಬ. ಅಂಥ ದಿಬ್ಬವನ್ನು ಆ ಕಡೆ ಬೋರೆ ಎನ್ನುತ್ತಾರೆ. ಆಚಾರ್ಯರು ಅಲ್ಲೇ ಕೂತು ಪುಳಿಯೋಗರೆ ಮುಗಿಸಿದರು. ಎದ್ದಾಗ ಅವರ ಪಂಚೆಗೆ ಬೂದುಬಣ್ಣದ ಒಂದು ಬಳ್ಳಿಯಂಥ ಗಿಡ ಅಂಟಿಕೊಂಡಿತ್ತು. ನೆಲಕ್ಕೆ ಅಂಟಿ ಹರಡಿದ, ಮೈತುಂಬ ಬೆಳ್ಳಿ ರೋಮದ, ಹಳದಿ ಹೂವಿನ ಪುಟ್ಟ ಗಿಡ. ಬಿಡಿಸಿ ಡಬ್ಬಿಗೆ ಹಾಕಿದೆ.

ಹಾಸನಕ್ಕೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಸೆಣಬಿನ ಹತ್ತಿರದ ನೆಂಟ. ಆ ಬಳಗದ ಗಿಡಗಳ ಕಾಯಿ ನಿಮಗೆ ಗೊತ್ತೇ ಇದೆ: ಉಬ್ಬಿದ ಕಾಯಿ ಒಣಗಿದರೆ ಒಳಗಿನ ಬೀಜ ಕಳಚಿ ಮಗುವಿನ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ನಮ್ಮ ಸೀಮೆಯ ಗಿಲಕಿ ಗಿಡಗಳನ್ನೆಲ್ಲ ಒಂದೊಂದಾಗಿ ಪಕ್ಕದಲ್ಲಿಟ್ಟು ಹೋಲಿಸಿದೆ. ಎಲೆ ಹೊಂದಿದರೆ ಹೂ ಹೊಂದುವುದಿಲ್ಲ, ಹೂ ಹೊಂದಿದರೆ ರೋಮ ಹೊಂದುವುದಿಲ್ಲ. ವಾರಗಟ್ಟಲೆ ತಿಣುಕಾಡಿ ಕೊನೆಗೆ ಆಚಾರ್ಯರ ಮುಂದೆ ಹೋಗಿ ನಿಂತೆ.

"ಸಾರ್, ಇದು ಯಾವುದಕ್ಕೂ ಸೇರ್ತಾ ಇಲ್ಲ."

ಅವರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ಕಾಯಿ ಎಲ್ಲಿ?" ಎಂದರು.

"ಇನ್ನೂ ಕಚ್ಚಿಲ್ಲ ಸಾರ್. ಬರೀ ಹೂವು."

"ಕಾಯಿ ನೋಡದೆ ಈ ಬಳಗದಲ್ಲಿ ಯಾರೂ ಬಾಯಿ ಬಿಡಬಾರದು. ನಡಿ, ಬೋರೆಗೆ ಹೋಗೋಣ."

ಹೋಗಿ ನೋಡಿದರೆ, ಬೋರೆಯ ಕೆಳಗೆ ಎರಡು ಜೊತೆ ಎತ್ತು, ನೇಗಿಲು. ನೊಗ ಕಟ್ಟುವುದೊಂದೇ ಬಾಕಿ. ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಒಬ್ಬ ಹೆಂಗಸು ಆಳುಗಳಿಗೆ ಜೋರು ಮಾಡುತ್ತಿದ್ದರು. ಅವರೇ ದೇವೀರಮ್ಮ, ಆ ಜಮೀನಿನ ಒಡತಿ. ಯಜಮಾನರು ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ತಾವೇ ನಡೆಸುತ್ತಿದ್ದ ಗೌಡರ ಮನೆಯ ಹಿರಿಯ ಹೆಣ್ಣುಮಗಳು.

ಆಚಾರ್ಯರು ಹತ್ತಿರ ಹೋಗಿ ಮೊದಲು ಕೇಳಿದ ಮಾತು, "ಅಮ್ಮಾ, ಇಲ್ಲಿ ಆಡು ಮೇಯ್ತಾವಾ?"

"ಆಡಾ? ನಮ್ಮನೇಲಿ ಆಡಿಲ್ಲ ಸಾಮಿ, ಎಮ್ಮೆ ಅವೆ. ಈ ಬೋರೆಗೆ ಅವೂ ಅತ್ತಾಕಿಲ್ಲ."

ಆಚಾರ್ಯರು ನೀಳವಾಗಿ ಉಸಿರು ಬಿಟ್ಟರು. ಆಮೇಲೆ ವಿಷಯ ಹೇಳಿದರು: ಈ ಗಿಡದ ಕಾಯಿ ಬಲಿಯುವವರೆಗೆ ಬೋರೆಯನ್ನು ಉಳದೆ ಬಿಡಬೇಕು.

ದೇವೀರಮ್ಮ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಅಲ್ಲಾ ಸಾಮಿ, ಮೊನ್ನೆ ಅಮಲ್ದಾರ್ರು ಬಂದು ಬೀಳು ನೆಲ ಎಲ್ಲಾ ಉತ್ತು ರಾಗಿ ಬೆಳೀರಿ ಅಂದ್ರು. ನೀವೂ ಸರ್ಕಾರ್ದೋರೇ, ಉಳ್ಬೇಡಿ ಅಂತೀರಿ. ನಾನು ಯಾವ ಸರ್ಕಾರದ ಮಾತು ಕೇಳ್ಲಿ? ಈಗ ನೆಲ ಅಸಿ ಐತೆ. ಇನ್ನೊಂದಿಷ್ಟು ದಿನ ಓದ್ರೆ ಕಲ್ಲಾಯ್ತದೆ, ನೇಗ್ಲು ಇಳ್ಯಾಕಿಲ್ಲ."

ಆದರೆ ಬಂದವರನ್ನು ಹಾಗೇ ಕಳಿಸುವ ಮನೆಯಲ್ಲ. ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿ ಹಾಲು ಕೊಟ್ಟರು. "ವಸಿ ವಾಸ್ನೆ ಸಾಮಿ, ತೆಪ್ಪು ತಿಳ್ಕೋಬೇಡಿ. ಎಮ್ಮೆ ಹಾಲು ಒಂದು ತಿಂಗ್ಳಿಂದ ಇಂಗೇ. ಮಂತ್ರ ಆಕ್ಸಿದ್ದಾಯ್ತು, ಹರಕೆ ಕಟ್ಟಿದ್ದಾಯ್ತು" ಎಂದರು.

ಆಚಾರ್ಯರು ಒಂದು ಗುಟುಕು ಕುಡಿದು ಮುಖ ಕಿವುಚಿದರು. ಇನ್ನೊಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಯೋಚಿಸಿದರು. "ಇದು ದೇವರ ಕಾಟ ಅಲ್ಲಮ್ಮ, ಗಿಡದ ಕಾಟ. ಎಮ್ಮೆ ಏನೋ ತಿಂತಾ ಇದೆ."

"ಏನು ತಿಂತದೆ ಯೋಳ್ಬುಡಿ ಮತ್ತೆ. ನೀವು ಗಿಡದ ಡಾಕ್ಟ್ರಲ್ವಾ? ಯೋಳಿದ್ರೆ ನಿಮ್ಮ ಕಾಯಿ ಬಲಿಯೋಗಂಟ ನೇಗ್ಲು ಕಟ್ಟಾಕಿಲ್ಲ."

ಮರುದಿನ ಬೆಳಗಾದ ಕೂಡಲೇ ಡಾಕ್ಟರ್ ರಂಗಸ್ವಾಮಾಚಾರ್ಯರೂ ನಾನೂ ದೇವೀರಮ್ಮನ ಹಾಲು ಕೊಡುವ ಎಮ್ಮೆಯ ಹಿಂದೆ ಹೊರಟೆವು. ಅದು ಹೋದ ಕಡೆ ನಾವು. ಅದು ಬಾಯಿ ಹಾಕಿದ ಗಿಡಕ್ಕೆಲ್ಲ ನಾವು ಕೈ ಹಾಕಿ, ಎಲೆ ಹೊಸಕಿ ಮೂಸುವುದು. ಎಮ್ಮೆ ಕೆರೆಗೆ ಇಳಿದರೆ ನಾವು ದಡದಲ್ಲಿ ಕಾಯುವುದು. ಹೊಲದ ಕೆಲಸಕ್ಕೆ ಹೊರಟ ಹೆಂಗಸರು ನಿಂತು ನಿಂತು ನೋಡಿದರು. "ಯಾರವ್ವಾ ಅವ್ರು?" "ಎಮ್ಮೆ ಕೊಳ್ಳಾಕೆ ಬಂದೋರಂತೆ ಕಣೆ. ಎಷ್ಟು ಉಸಾರಾಗಿ ನೋಡ್ತಾವ್ರೆ ನೋಡು!"

ಬಿಸಿಲೇರಿದ ಮೇಲೆ ಎಮ್ಮೆ ಕೆರೆ ಏರಿಯ ಹಿಂಭಾಗದ ತೋಡಿಗೆ ಇಳಿಯಿತು. ಅಲ್ಲಿ ಹಳದಿ ಹೂವಿನ, ಮುಟ್ಟಿದರೆ ಅಂಟುವ ನಾಯಿಸಾಸಿವೆ ಹುಲುಸಾಗಿ ಬೆಳೆದಿತ್ತು. ಅದರ ನಡುವೆ ಎಳೆಯ ಗರಿಕೆ. ನಾಯಿಸಾಸಿವೆ ಸಾಮಾನ್ಯವಾಗಿ ದನ ಮೂಸದ ಗಿಡ. ಈ ಎಮ್ಮೆ ಮಾತ್ರ ಗರಿಕೆಯ ಆಸೆಗೆ ಎರಡನ್ನೂ ಸೇರಿಸಿ ಬಾಚಿ ತಿನ್ನುತ್ತಿತ್ತು. ಆಚಾರ್ಯರು ಒಂದು ಹಿಡಿ ಕಿತ್ತು ಮೂಸಿ, "ನಿನ್ನೆ ಕುಡಿದ ಹಾಲು!" ಎಂದು ಕೂಗಿದರು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಎಮ್ಮೆಯನ್ನು ಆ ತೋಡಿಗೆ ಬಿಡುವುದು ನಿಂತಿತು. ಹಾಲಿನ ವಾಸನೆಯೂ ಹೋಯಿತು. ದೇವೀರಮ್ಮ ಕೊಟ್ಟ ಮಾತು ಉಳಿಸಿಕೊಂಡರು. ಮೋಡ ಸರಿಯಿತು, ಬಿಸಿಲು ಕಾಯಿತು, ಅವರು ಹೇಳಿದ ಹಾಗೆಯೇ ಬೋರೆ ಕಲ್ಲಾಯಿತು. ಆ ವರ್ಷದ ಉಳುಮೆ ತಪ್ಪಿಯೇ ಹೋಯಿತು. ಅದಕ್ಕಾಗಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. "ಬನ್ನಿ, ನಿಮ್ಮ ಕಾಯಿ ಒಣಗ್ಯವೆ" ಎಂದಷ್ಟೇ ಹೇಳಿ ಕಳಿಸಿದರು.

ಬೋರೆಯ ಮೇಲೆ ಮಂಡಿಯೂರಿ ಕೂತು ಆಚಾರ್ಯರು ಒಂದು ಕಾಯಿ ಬಿಡಿಸಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಸದ್ದಿಲ್ಲ. ಇನ್ನೊಂದು ಅಲುಗಿಸಿದರು. ಅದೂ ಇಲ್ಲ. ನನ್ನ ಕಿವಿಯ ಹತ್ತಿರ ಅಲುಗಿಸಿ, "ನಿನಗೆ ಕೇಳ್ಸುತ್ತಾ? ನನಗೇ ಕಿವುಡೋ?" ಎಂದರು. ಕಾಯಿ ಸೀಳಿ ನೋಡಿದೆವು. ಒಳಗೆ ಹತ್ತಿಯಂಥ ಬಿಳಿ ಎಳೆ ತುಂಬಿ, ಬೀಜಗಳು ಅದರಲ್ಲಿ ಹೂತುಹೋಗಿದ್ದವು. ಎಷ್ಟು ಒಣಗಿದರೂ ಸದ್ದು ಮಾಡದ ಗಿಲಕಿ.

ಹಿಂದಿನ ಹಾಗೆ ವಿಲಾಯಿತಿಗೆ ಕಳಿಸಿ ಕೇಳೋಣವೆಂದರೆ ಯುದ್ಧದಲ್ಲಿ ಹಡಗುಗಳ ಭರವಸೆ ಇಲ್ಲ. ಮದ್ರಾಸ್ ಪ್ರಾಂತ್ಯದ ದೊಡ್ಡ ಸಸ್ಯಸಂಗ್ರಹಕ್ಕೆ ರೈಲಿನಲ್ಲಿ ಹೋದೆವು. ಗಿಡದ ಕಟ್ಟನ್ನು ಆಚಾರ್ಯರು ದಾರಿಯುದ್ದಕ್ಕೂ ತೊಡೆಯಿಂದ ಕೆಳಗಿಳಿಸಲಿಲ್ಲ. ಅಲ್ಲಿದ್ದ ಗಿಲಕಿ ಗಿಡಗಳ ಹಾಳೆಗಳನ್ನೆಲ್ಲ ತೆರೆದು ನೋಡಿದೆವು. ನಮ್ಮದಕ್ಕೆ ಸಾಟಿಯಾದದ್ದು ಇರಲಿಲ್ಲ.

ಇಷ್ಟಾದರೂ ಆಚಾರ್ಯರು ಬರೆಯಲು ಕೂರಲಿಲ್ಲ. "ನೋಡೋಣ", "ಅವಸರ ಏನು", "ಬೇರೆ ಎಲ್ಲಾದರೂ ಇದ್ದರೆ?" ಹೀಗೆ ದಿನ ದೂಡಿದರು. ನಾನು ಹೆಚ್ಚು ಒತ್ತಾಯಿಸುವಂತಿರಲಿಲ್ಲ. ಒಂದು ಸಂತೆಯ ದಿನ ದೇವೀರಮ್ಮ ಹಾಸನಕ್ಕೆ ಬಂದವರು ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು.

"ಏನಾಯ್ತು ಸಾಮಿ ನಮ್ಮ ಗಿಡ?"

"ಇನ್ನೂ ಯೋಚನೆ ಮಾಡ್ತಾ ಇದ್ದೀನಮ್ಮ."

"ಯೋಚ್ನೆಯಾ?" ದೇವೀರಮ್ಮ ಸಂತೆಯ ಚೀಲ ಕೆಳಗಿಟ್ಟರು. "ನಾನು ಉಳುಮೆ ಬುಟ್ಟಿದ್ದು ನೀವು ಯೋಚ್ನೆ ಮಾಡ್ಕೊಂಡು ಕೂತ್ಕಳ್ಲಿ ಅಂತ್ಲಾ? ಅದು ಓಸದಾ, ಅಳೇದಾ, ಎರಡ್ರಾಗೆ ಒಂದು ಯೋಳಿ."

"ಹೊಸದು ಅಂತ ಹೇಳಿ, ಆಮೇಲೆ ಅಲ್ಲ ಅಂತಾದರೆ ಜನ ನಗ್ತಾರಮ್ಮ."

"ನಗ್ಲಿ ಬುಡಿ. ಬೋರೆ ಉಳ್ದೆ ಬುಟ್ಟೆ ಅಂತ ಊರೆಲ್ಲಾ ನನ್ನ ನೋಡಿ ನಗ್ತು. ನಾನೇನು ಸತ್ತೋದ್ನಾ?"

ಅವರು ಹೋದ ಮೇಲೆ ಆಚಾರ್ಯರು ಗಿಡದ ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿದರು. ಆಮೇಲೆ, "ಬಸಪ್ಪ, ಕಾಗದ ತಗೋ" ಎಂದರು. ಹೊಸ ಗಿಡದ ವರ್ಣನೆ ಲ್ಯಾಟಿನ್ ಭಾಷೆಯಲ್ಲೇ ಇರಬೇಕು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹೆಸರಿನ ಜಾಗಕ್ಕೆ ಬಂದಾಗ ಒಂದು ಗಳಿಗೆಯೂ ತಡೆಯದೆ ದೇವೀರಮ್ಮನ ಹೆಸರನ್ನೇ ಹೇಳಿದರು.

ಅಚ್ಚಾಗಿ ಬಂದ ಮೇಲೆ ಚಿತ್ರವಿದ್ದ ಹಾಳೆ ಹಿಡಿದು ಇಬ್ಬರೂ ಹಳ್ಳಿಗೆ ಹೋದೆವು. ಆಚಾರ್ಯರು ಮದುವೆಗೆ ಹೊರಟವರಂತೆ ಜರಿಯ ಪೇಟ ಸುತ್ತಿದ್ದರು. ವಿಷಯ ಕೇಳಿದ ದೇವೀರಮ್ಮನ ಮುಖ ಗಂಟಾಯಿತು.

"ಕಳೆಗೆ ನನ್ನೆಸ್ರಾ? ಯಾವುದಾದ್ರೂ ಮಾವಿಗೋ ಅಲ್ಸಿಗೋ ಇಕ್ಕಿದ್ರೆ ಆಗಿತ್ತು. ಕಳೆಗೆ ಇಕ್ಕಿದ್ರಲ್ಲ ಸಾಮಿ!"

ಆಚಾರ್ಯರು ತಬ್ಬಿಬ್ಬಾದರು. ಪ್ರಪಂಚದ ಪಂಡಿತರೆಲ್ಲ ಇನ್ನು ಮೇಲೆ ಇದನ್ನು ಈ ಹೆಸರಿನಿಂದಲೇ ಕರೆಯಬೇಕು ಎಂದು ತಿಳಿಹೇಳಿದರು.

"ಏನಂತ ಕರೀತಾರೆ?"

ಲ್ಯಾಟಿನ್ನಿನಲ್ಲಿ ಹೆಂಗಸರ ಹೆಸರಿನ ಕೊನೆಗೆ 'ಏ' ಬರುತ್ತದೆ. ಆಚಾರ್ಯರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ, "ದೇವೀರಮ್ಮೇ" ಎಂದರು.

ದೇವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ಅಯ್ಯೋ, ನಮ್ಮತ್ತೆ ನನ್ನ ಇಂಗೇ ಕೂಗೋರು ಕಣ್ ಸಾಮಿ! ಇನ್ನೊಂದ್ಸಲ ಅನ್ನಿ." ಆಚಾರ್ಯರು ಇನ್ನೊಂದು ಸಲ ಅಂದರು. ಒಳಗಿನಿಂದ ಸೊಸೆಯರೂ ಬಂದು ಕೇಳಿಸಿಕೊಂಡರು. ಸಿಟ್ಟು ಅಲ್ಲಿಗೆ ಮುಗಿಯಿತು.

ಎರಡು ಮೂರು ವರ್ಷ ಕಳೆಯಿತು. ಯುದ್ಧ ಮುಗಿಯಿತು, ಆಚಾರ್ಯರು ನಿವೃತ್ತರಾಗಿ ಹಾಸನದಲ್ಲೇ ನಿಂತರು. ದೊಡ್ಡಗದ್ದವಳ್ಳಿಯಾಚೆಯ ಒಂದು ಕಲ್ಲು ನೆಲದಲ್ಲಿ ನನಗೆ ಅದೇ ಗಿಡ ಮತ್ತೆ ಸಿಕ್ಕಿತು. ಚನ್ನರಾಯಪಟ್ಟಣದ ದಾರಿಯಲ್ಲಿ ಮತ್ತೊಂದು ಕಡೆ ಸಿಕ್ಕಿತು. ಓಡಿಹೋಗಿ ಆಚಾರ್ಯರಿಗೆ ಹೇಳಿದೆ. "ನಾನು ಬದುಕಿದೆ ಕಣಯ್ಯಾ" ಎಂದು ನನ್ನ ಕೈ ಹಿಡಿದುಕೊಂಡರು. ಹೊಸ ಜಾತಿ ಒಂದೇ ದಿಬ್ಬದಲ್ಲಿದ್ದರೆ ಅದು ಆ ದಿಬ್ಬದ ವಿಕಾರವೇ ಇರಬಹುದೆಂದು ಯಾರು ಬೇಕಾದರೂ ಅನ್ನಬಹುದು. ದೂರದೂರದ ಮೂರು ಕಡೆ ಅದೇ ರೋಮ, ಅದೇ ಸದ್ದಿಲ್ಲದ ಕಾಯಿ ಬಿಟ್ಟರೆ ಯಾವ ಪಂಡಿತನೂ ಆಡಿನ ಮಾತೆತ್ತುವಂತಿಲ್ಲ.

ಅರಕಲಗೂಡಿನ ಕಡೆ ಹೋದಾಗ ದೇವೀರಮ್ಮನಿಗೂ ಹೇಳಿದೆ. ತಮ್ಮ ಬೋರೆಯಲ್ಲಿ ಮಾತ್ರ ಇದ್ದದ್ದು ಬೇರೆ ಕಡೆಯೂ ಸಿಕ್ಕಿತೆಂದರೆ ಬೇಜಾರಾಗಬಹುದು ಎಂದುಕೊಂಡಿದ್ದೆ. ಅವರು ಹಿಗ್ಗಿದರು.

"ಅಂಗಾದ್ರೆ ನೆಂಟ್ರು ಅವ್ರೆ ಅನ್ನಿ ಚಿಕ್ಕ ಸಾಮಿ! ಇನ್ನು ನಾನು ಬೋರೆ ಉಳ್ಬೋದಲ್ಲ?"

"ಯಾಕೆ, ಇಷ್ಟು ದಿನ ಉಳಲಿಲ್ಲವೇನಮ್ಮಾ?"

"ಎಂಗೆ ಉಳ್ಲಿ? ಪರ್ಪಂಚಕ್ಕೆಲ್ಲಾ ಇಲ್ಲಿರೋದೇ ಅಂದಿದ್ರಿ. ನನ್ನೆಸ್ರಿನ ಮ್ಯಾಲೆ ನಾನೇ ನೇಗ್ಲು ಒಡ್ಸಾಕೆ ಮನ್ಸು ಬರ್ನಿಲ್ಲ."

ಬೋರೆಯನ್ನು ಹಾಗೇ ಬಿಡಿ ಎಂದು ನಮ್ಮಲ್ಲಿ ಯಾರೂ ಅವರನ್ನು ಮತ್ತೆ ಕೇಳಿರಲಿಲ್ಲ. "ಧಾರಾಳವಾಗಿ ಉಳಿ ಅಮ್ಮಾ" ಎಂದಷ್ಟೇ ಹೇಳಿ ಬಂದೆ.

ಮರು ಮಳೆಗಾಲದಲ್ಲಿ ಅರಕಲಗೂಡು ಬಸ್ಸಿನ ಕಂಡಕ್ಟರ್ ನಮ್ಮ ಕೋಣೆಗೆ ಬಂದು ತಲೆ ಕೆರೆದುಕೊಂಡು ನಿಂತ. "ಸಾ, ಒಂದು ಸುದ್ದಿ ಐತೆ. ದೇವೀರಮ್ಮ ಒಲದ ತುಂಬ ಎದ್ದವ್ಳಂತೆ. ನೀವೂ ದೊಡ್ಡ ಸಾಮ್ಯೋರೂ ಬಂದು ಕಿತ್ಕೊಂಡು ಓಗ್ಬೇಕಂತೆ. ದೇವೀರಮ್ಮೋರೇ ಯೋಳಿ ಕಳ್ಸವ್ರೆ. ನಂಗೇನೂ ಅರ್ಥ ಆಗ್ನಿಲ್ಲ ಸಾ."

ನನಗೆ ಅರ್ಥವಾಯಿತು. ಆಚಾರ್ಯರನ್ನು ಕರೆದುಕೊಂಡು ಅದೇ ಬಸ್ಸು ಹತ್ತಿದೆ.

ಉತ್ತು ಹದಮಾಡಿದ ನೆಲವೇ ಆ ಗಿಡಕ್ಕೆ ಬೇಕಾಗಿತ್ತೋ ಏನೋ. ಬೋರೆಯ ಎಳೆಯ ರಾಗಿಯ ನಡುವೆ, ಎಲ್ಲಿ ನೋಡಿದರಲ್ಲಿ ಬೆಳ್ಳಿ ರೋಮದ ಮರಿಗಿಡಗಳು. ಹೆಂಗಸರು ಸಾಲಾಗಿ ಕೂತು ಕಳೆ ಕೀಳುತ್ತಿದ್ದರು. ದೇವೀರಮ್ಮ ಸೊಂಟಕ್ಕೆ ಕೈಯಿಟ್ಟು, "ನೋಡಿ ಸಾಮಿ, ನನ್ನ ರಾಗಿ ನಾನೇ ತಿಂತಾ ಇವ್ನಿ" ಎಂದರು.

ಆಚಾರ್ಯರು ಬದುವಿನ ಮೇಲೆ ಬೂಟು ಬಿಚ್ಚಿಟ್ಟರು, ಪಂಚೆ ಎತ್ತಿ ಕಟ್ಟಿದರು, ಹೆಂಗಸರ ಸಾಲಿನ ಕೊನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ತಾವೇ ಹೆಸರಿಟ್ಟ ಗಿಡವನ್ನು ಅವರು ಬೇರು ಸಮೇತ ಕಿತ್ತು ಕಿತ್ತು ಪಕ್ಕಕ್ಕೆ ಹಾಕುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಹುಲ್ಲಿನ ಮೆದೆಯ ಹಾಗೆ ಗುಡ್ಡೆ ಬಿತ್ತು. ದೇವೀರಮ್ಮ ಇನ್ನೊಂದು ತೆಕ್ಕೆ ತಂದು ಅವರ ಮುಂದೆ ಸುರಿದು ಕೇಳಿದರು:

"ಸಾಕಾ ಸಾಮಿ, ಇನ್ನೂ ವಸಿ ಬೇಕಾ?"

ಆಚಾರ್ಯರು ಕೆಸರುಗೈಯಿಂದಲೇ ಕನ್ನಡಕ ತೆಗೆದು, ನಗುತ್ತಾ ನಗುತ್ತಾ ಬಂದ ಕಣ್ಣೀರನ್ನು ತೋಳಿನಲ್ಲಿ ಒರೆಸಿಕೊಂಡರು. "ಸಾಕಮ್ಮಾ" ಎಂದರು. "ಸಾಕು."